ಅಳು ನಿಲ್ಲುವ ವಯಸ್ಸು

ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿ ಓದಿದ ಯಾರನ್ನೇ ಕೇಳಿ, ಅವರಿಗೆ ಮೊದಲು ನೆನಪಾಗುವುದು ವಕೀಲ ಆಟಿಕಸ್ ಫಿಂಚ್. ಅಮೆರಿಕದ ಅಲಬಾಮಾ ರಾಜ್ಯದ ಮೇಕೂಂಬ್ ಎಂಬ ಕಲ್ಪಿತ ಊರು. ಕಾಲ 1930ರ ದಶಕದ ನಡುಭಾಗ. ಬಿಳಿಯ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದನೆಂಬ ಸುಳ್ಳು ಆರೋಪ ಹೊತ್ತ ಟಾಮ್ ರಾಬಿನ್‌ಸನ್ ಎಂಬ ಕಪ್ಪು ಕೂಲಿಯಾಳಿನ ಪರವಾಗಿ, ಸೋಲು ಖಚಿತವೆಂದು ಗೊತ್ತಿದ್ದೂ ವಾದಿಸುವ ಬಿಳಿಯ ವಕೀಲ ಆತ. ಪುಸ್ತಕ ಬಂದದ್ದು 1960ರಲ್ಲಿ. ಮರುವರ್ಷವೇ ಪುಲಿಟ್ಜರ್ ಬಹುಮಾನ, 1962ರಲ್ಲಿ ಸಿನಿಮಾ. ಆಟಿಕಸ್ ಪಾತ್ರ ಮಾಡಿದ ಗ್ರೆಗರಿ ಪೆಕ್‌ಗೆ ಆಸ್ಕರ್ ಬಂದ ಮೇಲಂತೂ ಕಾದಂಬರಿಯೆಂದರೆ ಆ ವಕೀಲ ಎನ್ನುವಂತಾಯಿತು. ಎಳೆಯ ವಯಸ್ಸಿನ ಓದಿನ ನೆನಪಾಗಿ ನನ್ನಲ್ಲೂ ಬಹುಕಾಲ ಉಳಿದದ್ದು ಆತನೇ. ವಯಸ್ಸಾದಂತೆ, ಮತ್ತೆ ಮತ್ತೆ ಓದಿದಂತೆ, ಆಟಿಕಸ್ ಮೆಲ್ಲಗೆ ಹಿಂದೆ ಸರಿದ. ಅವನ ಜಾಗಕ್ಕೆ ಬಂದದ್ದು ವಿಚಾರಣೆಯ ನಡುವೆ ಎಂಟೊಂಬತ್ತು ವರ್ಷದ ಹುಡುಗನೊಬ್ಬ ಅತ್ತ ಅಳು. ಇಡೀ ಕಾದಂಬರಿಯ ತಿರುಳು ಆ ಅಳುವಿನಲ್ಲಿದೆ ಎಂದು ಈಗ ನನಗೆ ಅನ್ನಿಸುತ್ತದೆ. ಹಾಗೆ ಅನ್ನಿಸಲು ಕಾರಣವಾದದ್ದನ್ನು ಇಲ್ಲಿ ಹೇಳಬೇಕು.

ಆ ಹುಡುಗ ಡಿಲ್. ಬೇಸಿಗೆ ರಜೆಗೆ ಮಿಸಿಸಿಪ್ಪಿಯಿಂದ ಮೇಕೂಂಬ್‌ಗೆ ಬರುವವನು; ಆಟಿಕಸ್‌ನ ಮಕ್ಕಳಾದ ಜೆಮ್ ಮತ್ತು ಸ್ಕೌಟ್‌ಗೆ ಜೊತೆಗಾರ. ಮೂವರೂ ನ್ಯಾಯಾಲಯದ ಮೇಲಂತಸ್ತಿನಲ್ಲಿ, ಕಪ್ಪು ಜನರಿಗೆಂದು ಬೇರ್ಪಡಿಸಿದ ಜಾಗದಲ್ಲಿ ಕೂತು ವಿಚಾರಣೆ ನೋಡುತ್ತಿರುತ್ತಾರೆ. ಸರ್ಕಾರಿ ವಕೀಲ ಗಿಲ್ಮರ್ ಪಾಟೀಸವಾಲಿಗೆ ಎದ್ದು ನಿಲ್ಲುತ್ತಾನೆ. ಟಾಮ್‌ಗೆ ಇಪ್ಪತ್ತೈದು ವರ್ಷ, ಮದುವೆಯಾಗಿದೆ, ಮೂವರು ಮಕ್ಕಳಿದ್ದಾರೆ. ಅವನನ್ನು ಗಿಲ್ಮರ್ ಮಾತುಮಾತಿಗೂ ‘ಏ ಹುಡುಗಾ’ ಎನ್ನುತ್ತಾನೆ. ಪ್ರತಿ ಉತ್ತರವನ್ನೂ ಹಂಗಿಸುತ್ತಾನೆ. ಡಿಲ್‌ಗೆ ಅಳು ತಡೆಯಲಾಗುವುದಿಲ್ಲ. ಸ್ಕೌಟ್ ಅವನನ್ನು ಹೊರಗೆ ಕರೆದುಕೊಂಡು ಹೋಗಿ ಸಮಾಧಾನ ಮಾಡುತ್ತಾಳೆ. ಆಗ ಅವಳಾಡುವ ಮಾತನ್ನು ಹೆಚ್ಚಿನ ಓದುಗರು ಗಮನಿಸುವುದಿಲ್ಲ. ಎಷ್ಟಾದರೂ ಅವನೊಬ್ಬ ಕರಿಯ ತಾನೇ ಎಂಬರ್ಥದ ಮಾತು ಅದು. ಹೇಳಿದವಳು ಆಟಿಕಸ್‌ನ ಮಗಳು. ದ್ವೇಷದಿಂದ ಹೇಳಿದ್ದಲ್ಲ, ಗೆಳೆಯನನ್ನು ಸಂತೈಸಲು, ಇದು ಲೋಕರೂಢಿ ಎಂಬ ಧಾಟಿಯಲ್ಲಿ ಹೇಳಿದ್ದು. ಅಲ್ಲೇ ಮರದಡಿ ಕೂತಿದ್ದ ಡಾಲ್ಫಸ್ ರೇಮಂಡ್ ಎಂಬ ಬಿಳಿಯ ಹಿರಿಯ ಡಿಲ್‌ನ ಸಂಕಟವನ್ನು ಕಂಡು, ಇವನು ಇನ್ನೊಂದಿಷ್ಟು ದೊಡ್ಡವನಾದರೆ ಹೀಗೆ ಅಳುವುದಿಲ್ಲ ಎಂಬ ಅರ್ಥದ ಮಾತಾಡುತ್ತಾನೆ. ನಡೆದದ್ದು ಸರಿಯಲ್ಲ ಎಂದು ಆಗಲೂ ಅನ್ನಿಸಬಹುದು, ಅಳು ಮಾತ್ರ ಬರುವುದಿಲ್ಲ. ಟಾಮ್ ಅಪರಾಧಿ ಎಂಬ ತೀರ್ಪು ಬಂದ ರಾತ್ರಿ, ಜ್ಯೂರಿಯವರು ಹೀಗೆ ಹೇಗೆ ಮಾಡಿದರು ಎಂದು ಜೆಮ್ ಕೇಳಿದಾಗ ಆಟಿಕಸ್ ಕೊಡುವ ಉತ್ತರದಲ್ಲೂ ಇದೇ ಮಾತಿದೆ: ಹಿಂದೆಯೂ ಮಾಡಿದ್ದರು, ಮುಂದೆಯೂ ಮಾಡುತ್ತಾರೆ, ಹಾಗೆ ಮಾಡಿದಾಗ ಅಳುವವರು ಮಕ್ಕಳು ಮಾತ್ರ.

ಬೇರೆ ಬೇರೆ ದಾರಿಯ ಇಬ್ಬರು ಹಿರಿಯರು ಒಂದೇ ಮಾತಿಗೆ ಬಂದು ನಿಲ್ಲುವುದು ಆಕಸ್ಮಿಕವಲ್ಲ. ಬೆಳೆಯುವ ಮಕ್ಕಳ ಕಥೆಗಳಲ್ಲಿ ಸಾಮಾನ್ಯವಾಗಿ ಮಗು ಅಜ್ಞಾನದಿಂದ ಅರಿವಿಗೆ ನಡೆಯುತ್ತದೆ. ಅನ್ಯಾಯ ಇದೆ ಎಂದು ಗೊತ್ತಾಗುವುದೇ ಪ್ರೌಢತೆ ಎನಿಸಿಕೊಳ್ಳುತ್ತದೆ. ಹಾರ್ಪರ್ ಲೀ ಇದನ್ನು ತಿರುವಿಹಾಕಿದರು. ಮೇಕೂಂಬ್‌ನ ದೊಡ್ಡವರಿಗೆ ಅನ್ಯಾಯ ಗೊತ್ತಿಲ್ಲದೆ ಇಲ್ಲ, ಒಗ್ಗಿಹೋಗಿದೆ ಅಷ್ಟೆ. ಆ ಊರಲ್ಲಿ ದೊಡ್ಡವರಾಗುವುದೆಂದರೆ ಒಗ್ಗಿಕೊಳ್ಳುವುದನ್ನು ಕಲಿಯುವುದು. ಹಾಗಾಗಿ ಕಾದಂಬರಿಯ ನಿಜವಾದ ವಿಚಾರಣೆ ನ್ಯಾಯಾಲಯದ ಕೆಳಗಿನ ಅಂಗಳದಲ್ಲಿ ನಡೆಯುವುದಿಲ್ಲ, ಅಲ್ಲಿನ ತೀರ್ಪು ಮೊದಲೇ ತೀರ್ಮಾನವಾಗಿದೆ. ನಿಜವಾಗಿ ತೀರ್ಮಾನವಾಗದೆ ಉಳಿದಿರುವುದು ಮೇಲೆ ಕೂತ ಮೂರು ಮಕ್ಕಳ ವಿಷಯ. ಇವರೂ ಒಗ್ಗಿಕೊಳ್ಳುತ್ತಾರೆಯೇ ಎಂಬುದು ಕೊನೆಯ ಪುಟದವರೆಗೂ ಉಳಿಯುವ ಪ್ರಶ್ನೆ. ಕಾದಂಬರಿಯೇ ಒಂದು ನೆನಪಿನ ಬರಹ ಎಂಬುದನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಥೆ ಹೇಳುತ್ತಿರುವವಳು ದೊಡ್ಡವಳಾದ ಸ್ಕೌಟ್, ಅಂದರೆ ಜೀನ್ ಲೂಯಿಸ್. ತನ್ನ ಒಗ್ಗುವಿಕೆ ಎಲ್ಲೆಲ್ಲಿ ಶುರುವಾಯಿತು ಎಂದು ಅವಳು ಹಿಂದಿರುಗಿ ನೋಡುತ್ತಿದ್ದಾಳೆ. ತಾನಾಡಿದ ಆ ಮಾತನ್ನು ಅವಳು ಮುಚ್ಚಿಡುವುದಿಲ್ಲ, ಅದಕ್ಕೆ ಸಮಜಾಯಿಷಿಯನ್ನೂ ಕೊಡುವುದಿಲ್ಲ.

ಒಗ್ಗುವಿಕೆಯನ್ನು ಕಲಿಸುವ ಜಾಗಗಳನ್ನು ಕಾದಂಬರಿ ಒಂದೊಂದಾಗಿ ತೋರಿಸುತ್ತದೆ. ಮೊದಲನೆಯದು ಶಾಲೆ. ಟೀಚರ್ ಗೇಟ್ಸ್ ತರಗತಿಯಲ್ಲಿ ಹಿಟ್ಲರ್ ಯಹೂದಿಗಳಿಗೆ ಕೊಡುತ್ತಿರುವ ಹಿಂಸೆಯ ಬಗ್ಗೆ ಪಾಠ ಮಾಡುತ್ತಾಳೆ, ನಮ್ಮದು ಪ್ರಜಾಪ್ರಭುತ್ವ ಎಂದು ಮಕ್ಕಳಿಂದ ಹೇಳಿಸುತ್ತಾಳೆ. ಅವಳ ಮರುಕ ಪ್ರಾಮಾಣಿಕವಾದದ್ದು. ಆದರೆ ವಿಚಾರಣೆಯ ದಿನ ನ್ಯಾಯಾಲಯದ ಮೆಟ್ಟಿಲಿಳಿಯುವಾಗ, ಈ ಕಪ್ಪು ಜನಕ್ಕೆ ಬುದ್ಧಿ ಕಲಿಸುವ ಕಾಲ ಬಂದಿತ್ತು ಎಂದು ಅವಳೇ ಹೇಳಿದ್ದು ಸ್ಕೌಟ್‌ನ ಕಿವಿಗೆ ಬಿದ್ದಿದೆ. ದೂರದ ಜನರ ವಿಷಯದಲ್ಲಿ ಹಿಟ್ಲರ್‌ನನ್ನು ದ್ವೇಷಿಸುವವಳು ತನ್ನ ಊರಿನವರ ವಿಷಯದಲ್ಲಿ ಹೀಗೇಕೆ ಎಂದು ಸ್ಕೌಟ್ ಅಣ್ಣನನ್ನು ಕೇಳಿದರೆ, ಜೆಮ್ ಸಿಟ್ಟಿನಿಂದ ಕಿರುಚುತ್ತಾನೆ. ಆ ನ್ಯಾಯಾಲಯದ ಸುದ್ದಿಯನ್ನೇ ಎತ್ತಬೇಡ ಎನ್ನುತ್ತಾನೆ. ಜೆಮ್‌ನ ಈ ಸಿಟ್ಟನ್ನು ಗಮನಿಸಬೇಕು. ಜ್ಯೂರಿ ನ್ಯಾಯ ಕೊಟ್ಟೇ ಕೊಡುತ್ತದೆ ಎಂದು ನಂಬಿದ್ದ ಹುಡುಗ ಅವನು. ಅಷ್ಟು ನೆಚ್ಚಿಕೊಳ್ಳಬೇಡ, ಬಿಳಿಯನ ಎದುರು ಕರಿಯನ ಪರ ತೀರ್ಪು ಕೊಟ್ಟ ಜ್ಯೂರಿಯನ್ನು ತಾನು ಕಂಡಿಲ್ಲ ಎಂದು ಪಾದ್ರಿ ಸೈಕ್ಸ್ ಎಚ್ಚರಿಸಿದರೂ ಕೇಳಿರಲಿಲ್ಲ. ತೀರ್ಪಿನ ನಂತರ ಅವನಲ್ಲಿ ಎರಡು ಬದಲಾವಣೆ ಒಟ್ಟಿಗೇ ಕಾಣುತ್ತವೆ. ನೆಲದ ಮೇಲೆ ಮುದುಡಿ ಉಂಡೆಯಾಗಿರುವ ಪುಟ್ಟ ಹುಳವನ್ನು ಸ್ಕೌಟ್ ಹೊಸಕಲು ಹೋದರೆ, ಅದು ನಿನಗೇನೂ ಮಾಡಿಲ್ಲ ಬಿಡು ಎಂದು ತಡೆಯುತ್ತಾನೆ. ಅದೇ ಕಾಲಕ್ಕೆ ಲೋಕದಲ್ಲಿ ನಾಲ್ಕು ಬಗೆಯ ಜನರಿದ್ದಾರೆ, ಒಬ್ಬರಿಗೊಬ್ಬರು ಆಗದವರು ಎಂದು ಲೆಕ್ಕ ಹಾಕುತ್ತಾನೆ. ಇರುವುದು ಒಂದೇ ಬಗೆಯ ಜನ ಎಂದು ತಂಗಿ ಹೇಳಿದರೆ, ನಿನ್ನ ವಯಸ್ಸಿನಲ್ಲಿ ನನಗೂ ಹಾಗೇ ಅನ್ನಿಸಿತ್ತು ಎನ್ನುತ್ತಾನೆ. ಹೇಳುವವನಿಗೆ ಹದಿಮೂರೂ ತುಂಬಿಲ್ಲ. ಅವನ ಮನಸ್ಸು ಇನ್ನಷ್ಟು ಮೆತ್ತಗಾಗುತ್ತಿದೆ, ಜೊತೆಗೇ ಗಟ್ಟಿಯೂ ಆಗುತ್ತಿದೆ. ಯಾವುದು ಗೆಲ್ಲುತ್ತದೆ ಎಂದು ಲೇಖಕಿ ಹೇಳುವುದಿಲ್ಲ.

ಎರಡನೆಯ ಜಾಗ ಫಿಂಚ್ ಮನೆಯ ನಡುಮನೆ. ಮಕ್ಕಳ ಸೋದರತ್ತೆ ಅಲೆಕ್ಸಾಂಡ್ರಾ ಊರ ಹೆಂಗಸರನ್ನು ಚಹಾಕ್ಕೆ ಕರೆದಿದ್ದಾಳೆ. ಚರ್ಚಿನ ಮಹಿಳಾ ಮಂಡಳಿಯವರಾದ ಅವರು ಆಫ್ರಿಕದ ಬುಡಕಟ್ಟೊಂದರ ಬಡತನಕ್ಕೆ ಮರುಗುತ್ತಾರೆ. ಅದೇ ಉಸಿರಿನಲ್ಲಿ, ವಿಚಾರಣೆಯ ನಂತರ ತಮ್ಮ ಮನೆಗಳ ಕಪ್ಪು ಕೆಲಸದವರು ಮುಖ ಗಂಟಿಕ್ಕಿಕೊಂಡಿದ್ದಾರೆ ಎಂದು ದೂರುತ್ತಾರೆ. ಆಗ ಆಟಿಕಸ್ ಬಂದು, ಟಾಮ್ ಜೈಲಿನಿಂದ ಓಡಿಹೋಗಲು ಬೇಲಿ ಹತ್ತಿದನೆಂದೂ ಕಾವಲುಗಾರರು ಅವನಿಗೆ ಹದಿನೇಳು ಗುಂಡು ಹೊಡೆದರೆಂದೂ ಅಡುಗೆಮನೆಯಲ್ಲಿ ತಿಳಿಸುತ್ತಾನೆ. ಅತ್ತೆಯ ಕೈ ನಡುಗುತ್ತದೆ. ಕ್ಷಣ ಕಳೆದ ಮೇಲೆ ಸೆರಗು ಸರಿಮಾಡಿಕೊಂಡವಳ ಹಾಗೆ ಸಾವರಿಸಿಕೊಂಡು ಅತಿಥಿಗಳ ಬಳಿಗೆ ಹೋಗುತ್ತಾಳೆ. ಸ್ಕೌಟ್ ಕೂಡ ತಿಂಡಿಯ ತಟ್ಟೆ ಹಿಡಿದು ಹಿಂದೆಯೇ ಹೋಗುತ್ತಾಳೆ; ಅತ್ತೆಗೆ ಇಂಥ ಹೊತ್ತಿನಲ್ಲೂ ಗೃಹಿಣಿಯ ಮರ್ಯಾದೆ ಕಾಯಲು ಸಾಧ್ಯವಾದರೆ ತನಗೂ ಸಾಧ್ಯ ಎಂದುಕೊಳ್ಳುತ್ತಾಳೆ. ಇದನ್ನು ಧೈರ್ಯದ ಪಾಠವೆಂದು ಓದುವವರಿದ್ದಾರೆ. ಅಲೆಕ್ಸಾಂಡ್ರಾಳ ಸಂಕಟ ನಿಜವಾದ್ದರಿಂದ ಆ ಓದಿಗೂ ಆಧಾರವಿದೆ. ಆದರೂ ಸಾವಿನ ಸುದ್ದಿ ಬಂದ ಮನೆಯಲ್ಲಿ ತಟ್ಟೆ ತಿರುಗುತ್ತಲೇ ಇತ್ತು ಎಂಬುದು ಉಳಿಯುತ್ತದೆ. ಸಾವಿಗೆ ಮೌನವಾಗಿ ಒಪ್ಪಿಗೆ ಕೊಟ್ಟವರೇ ಆ ತಟ್ಟೆಯಿಂದ ತಿಂದರು. ಹೆಣ್ಣುಮಗುವಿಗೆ ‘ದೊಡ್ಡವಳಾಗು’ ಎಂದು ಹೇಳುವುದರೊಳಗೆ ‘ಗೊತ್ತಾದದ್ದನ್ನು ಮುಖದಲ್ಲಿ ತೋರಿಸಬೇಡ’ ಎಂಬುದೂ ಸೇರಿಕೊಂಡಿರುವುದನ್ನು ಇಷ್ಟು ಹತ್ತಿರದಿಂದ ತೋರಿಸಿದ ಬರಹಗಳು ಕಡಿಮೆ.

ಒಗ್ಗಿಕೊಳ್ಳದ ಒಬ್ಬ ದೊಡ್ಡ ಮನುಷ್ಯ ಕಾದಂಬರಿಯಲ್ಲಿದ್ದಾನೆ, ಅವನು ಟಾಮ್. ಅವನ ಮೇಲೆ ಆರೋಪ ಹೊರಿಸಿದ ಮೇಯೆಲ್ಲಾ ಯೂಯೆಲ್ ಹತ್ತೊಂಬತ್ತರ ಹುಡುಗಿ. ಊರ ಕಸದ ರಾಶಿಯ ಹಿಂದಿನ ಗುಡಿಸಲು, ಕುಡುಕ ತಂದೆ, ಸಾಕಬೇಕಾದ ಒಡಹುಟ್ಟಿದವರು. ಬೇಲಿಯ ಪಕ್ಕ ಮುಕ್ಕಾದ ಹಳೆಯ ಪಾತ್ರೆಗಳಲ್ಲಿ ಅವಳು ಜತನದಿಂದ ಬೆಳೆಸಿದ ಕೆಂಪು ಹೂಗಿಡಗಳಿವೆ. ಹತ್ತಿಯ ಯಂತ್ರಕ್ಕೆ ಸಿಕ್ಕು ಎಡಗೈ ಊನವಾಗಿದ್ದ ಟಾಮ್ ಆ ದಾರಿಯಲ್ಲಿ ಹೋಗುವಾಗ ಕಾಸು ಕೇಳದೆ ಅವಳಿಗೆ ಸೌದೆ ಒಡೆದುಕೊಡುತ್ತಿದ್ದ. ಯಾಕೆ ಎಂದು ಗಿಲ್ಮರ್ ಕೆದಕಿದಾಗ, ಅವಳನ್ನು ಕಂಡು ಅಯ್ಯೋ ಅನ್ನಿಸಿತು ಎಂದುಬಿಡುತ್ತಾನೆ. ನ್ಯಾಯಾಲಯ ಅವನನ್ನು ಕ್ಷಮಿಸದೆ ಹೋದದ್ದು ಆ ಮಾತಿಗೆ. ಕಪ್ಪು ಮನುಷ್ಯ ಬಿಳಿಯ ಹೆಣ್ಣಿಗೆ ಕನಿಕರ ತೋರಿಸುವುದೆಂದರೆ ತಾನು ಮೇಲೆ ನಿಂತು ಅವಳನ್ನು ಕೆಳಗೆ ಕಂಡಂತೆ. ಆ ವ್ಯವಸ್ಥೆ ಸಹಿಸದ್ದು ಅದನ್ನೇ. ಡಿಲ್ ಅತ್ತರೆ ಮಗು ಎಂದು ಬಿಡುತ್ತಾರೆ, ಟಾಮ್ ಮರುಗಿದರೆ ಅವನಿಗೆ ಸಾವು. ಕನಿಕರವನ್ನು ಉಳಿಸಿಕೊಂಡೇ ದೊಡ್ಡವನಾದರೆ ತೆರಬೇಕಾದ ಬೆಲೆ ಆ ಊರಲ್ಲಿ ಎಷ್ಟು ಎಂದು ಟಾಮ್‌ನ ಗತಿ ಹೇಳುತ್ತದೆ. ಹಾಗಾಗಿ ಈ ಕಾದಂಬರಿಯಲ್ಲಿ ಬೆಳೆಯುವ ಕಥೆ ಬೇರೆ, ಅನ್ಯಾಯದ ಕಥೆ ಬೇರೆ ಎಂದು ವಿಂಗಡಿಸಲು ಬರುವುದಿಲ್ಲ.

ಇದೆಲ್ಲ ಒಂದು ಕಾಲದ, ಒಂದು ಕಡೆಯ ಸಂಗತಿ. ಕಾನೂನು ಬದಲಾಗಿದೆ, ಕಾದಂಬರಿ ಚರಿತ್ರೆಗೆ ಸೇರಿತು ಎಂದು ವಾದಿಸುವವರಿದ್ದಾರೆ. ಕಾಲದ ಹಿನ್ನೆಲೆ ಸ್ಪಷ್ಟವಾಗಿಯೇ ಇದೆ. 1931ರ ಮಾರ್ಚ್‌ನಲ್ಲಿ ಅಲಬಾಮಾದಲ್ಲಿ ಗೂಡ್ಸ್ ರೈಲಿನಿಂದ ಒಂಬತ್ತು ಮಂದಿ ಕಪ್ಪು ಹುಡುಗರನ್ನು ಇಳಿಸಿ, ಇಬ್ಬರು ಬಿಳಿಯ ಹೆಂಗಸರ ಮೇಲೆ ಅತ್ಯಾಚಾರ ಮಾಡಿದರೆಂದು ಆರೋಪ ಹೊರಿಸಲಾಯಿತು. ಸ್ಕಾಟ್ಸ್‌ಬರೋದಲ್ಲಿ ಕೆಲವೇ ದಿನಗಳಲ್ಲಿ ವಿಚಾರಣೆ ಮುಗಿದು ಎಂಟು ಮಂದಿಗೆ ಮರಣದಂಡನೆ ಆಯಿತು. 1933ರಲ್ಲಿ ಆ ಹೆಂಗಸರಲ್ಲಿ ಒಬ್ಬಳಾದ ರೂಬಿ ಬೇಟ್ಸ್ ತನ್ನ ಮಾತು ಸುಳ್ಳೆಂದು ನ್ಯಾಯಾಲಯದಲ್ಲೇ ಹೇಳಿದರೂ ಜ್ಯೂರಿ ಮತ್ತೆ ಅಪರಾಧಿ ಎಂದಿತು. ಆ ತೀರ್ಪನ್ನು ತಳ್ಳಿಹಾಕಿದ ನ್ಯಾಯಾಧೀಶ ಜೇಮ್ಸ್ ಹಾರ್ಟನ್ ಮರುವರ್ಷದ ಚುನಾವಣೆಯಲ್ಲಿ ಸೋತ. ಹಾರ್ಪರ್ ಲೀ ಹುಟ್ಟಿದ್ದು 1926ರಲ್ಲಿ, ಅದೇ ರಾಜ್ಯದ ಮನ್ರೋವಿಲ್ ಎಂಬ ಊರಲ್ಲಿ. ಅವರ ತಂದೆ ವಕೀಲರಾಗಿದ್ದರು. ಹಿಂದೊಮ್ಮೆ ಅವರು ಇಬ್ಬರು ಕಪ್ಪು ಆರೋಪಿಗಳ ಪರವಾಗಿ ವಾದಿಸಿದ್ದರು, ಆ ಇಬ್ಬರಿಗೂ ಗಲ್ಲಾಗಿತ್ತು. ಇಷ್ಟಕ್ಕೇ ನಿಂತಿದ್ದರೆ ಇದು ಚರಿತ್ರೆ ಎನ್ನಬಹುದಿತ್ತು. ಆದರೆ ಅದೇ ಮನ್ರೋವಿಲ್‌ನಲ್ಲಿ 1987ರಲ್ಲಿ ವಾಲ್ಟರ್ ಮೆಕ್‌ಮಿಲಿಯನ್ ಎಂಬ ಕಪ್ಪು ಮನುಷ್ಯನನ್ನು ಬಿಳಿಯ ಯುವತಿಯ ಕೊಲೆಯ ಆರೋಪದ ಮೇಲೆ ಹಿಡಿದರು. ಕೊಲೆಯ ಹೊತ್ತಿಗೆ ಅವನು ಮನೆಯಲ್ಲೇ ಇದ್ದ ಎಂದು ಅನೇಕ ಕಪ್ಪು ಜನ ಸಾಕ್ಷಿ ಹೇಳಿದರು, ಲೆಕ್ಕಕ್ಕೆ ಬರಲಿಲ್ಲ. ಜ್ಯೂರಿ ಜೀವಾವಧಿ ಶಿಕ್ಷೆ ಸಾಕು ಎಂದರೂ ನ್ಯಾಯಾಧೀಶ ಅದನ್ನು ಮೀರಿ ಮರಣದಂಡನೆ ಕೊಟ್ಟ. ವಕೀಲ ಬ್ರಯನ್ ಸ್ಟೀವನ್‌ಸನ್ ಹೋರಾಡಿದ ಮೇಲೆ ಅವನು ಬಿಡುಗಡೆಯಾದದ್ದು 1993ರಲ್ಲಿ. ಹಾರ್ಪರ್ ಲೀ ಹೆಸರನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಊರದು, ಹಳೆಯ ನ್ಯಾಯಾಲಯವನ್ನು ಸಂಗ್ರಹಾಲಯ ಮಾಡಿದ ಊರು. ಟಾಮ್‌ಗಾಗಿ ಮರುಗುವುದಕ್ಕೂ ಮೆಕ್‌ಮಿಲಿಯನ್ ವಿಷಯದಲ್ಲಿ ಸುಮ್ಮನಿರುವುದಕ್ಕೂ ಅಲ್ಲಿ ವಿರೋಧ ಬರಲಿಲ್ಲ. ಟೀಚರ್ ಗೇಟ್ಸ್‌ಳ ಪಾಠ ಮಾಡಿದ ಕೆಲಸವನ್ನು ಈ ಪುಸ್ತಕವೂ ಮಾಡಬಲ್ಲದು: ದೂರದವರಿಗಾಗಿ ಅಳಿಸಿ, ಹತ್ತಿರದವರ ವಿಷಯದಲ್ಲಿ ಸುಮ್ಮನಿರಿಸಬಹುದು.

ಇನ್ನೊಂದು ಆಕ್ಷೇಪ ಆಟಿಕಸ್‌ನ ಮೇಲಿದೆ. ಮಾಲ್ಕಮ್ ಗ್ಲಾಡ್‌ವೆಲ್ 2009ರಲ್ಲಿ ‘ದಿ ನ್ಯೂಯಾರ್ಕರ್’ ಪತ್ರಿಕೆಯ ಲೇಖನದಲ್ಲಿ, ಆಟಿಕಸ್ ಬಯಸುವುದು ಮನಸ್ಸುಗಳ ಬದಲಾವಣೆಯನ್ನೇ ಹೊರತು ವ್ಯವಸ್ಥೆಯ ಬದಲಾವಣೆಯನ್ನಲ್ಲ ಎಂದು ವಾದಿಸಿದರು. ಇದು ತಳ್ಳಿಹಾಕುವ ಮಾತಲ್ಲ. ಆಟಿಕಸ್ ಈ ಮೊಕದ್ದಮೆಯನ್ನು ತಾನಾಗಿ ಹುಡುಕಿಕೊಂಡು ಹೋದವನಲ್ಲ, ನ್ಯಾಯಾಧೀಶ ಟೇಲರ್ ಅವನಿಗೆ ವಹಿಸಿದ್ದು. ಇಂಥದ್ದೊಂದು ಬಾರದೆ ಜೀವನ ಸಾಗೀತು ಎಂದು ಆಸೆಪಟ್ಟಿದ್ದೆ ಎಂದು ತಮ್ಮನ ಬಳಿ ಅವನೇ ಹೇಳುತ್ತಾನೆ. ಕಪ್ಪು ಜನರನ್ನು ದ್ವೇಷಿಸುವ ಸಂಘಟನೆ ಕು ಕ್ಲಕ್ಸ್ ಕ್ಲಾನ್‌ನ ಕಥೆ ಮುಗಿದುಹೋಯಿತು ಎಂದು ಮಗನಿಗೆ ಧೈರ್ಯ ಹೇಳುತ್ತಾನೆ, ಅದು ತಪ್ಪು. 2015ರಲ್ಲಿ ಪ್ರಕಟವಾದ, ಆದರೆ ಮೊದಲೇ ಬರೆದಿಟ್ಟ ‘ಗೋ ಸೆಟ್ ಎ ವಾಚ್‌ಮನ್’ನಲ್ಲಿ ಇಪ್ಪತ್ತಾರರ ಜೀನ್ ಲೂಯಿಸ್, ಚಿಕ್ಕಂದಿನಲ್ಲಿ ಕೂತಿದ್ದ ಅದೇ ಮೇಲಂತಸ್ತಿನಿಂದ, ಜನಾಂಗ ಪ್ರತ್ಯೇಕತೆಯನ್ನು ಎತ್ತಿಹಿಡಿಯುವ ಸಭೆಯಲ್ಲಿ ತಂದೆ ಕೂತಿರುವುದನ್ನು ನೋಡುತ್ತಾಳೆ. ಅನೇಕ ಓದುಗರು ಇದರಿಂದ ನೊಂದುಕೊಂಡರು. ನನಗೆ ಮಾತ್ರ ಇವೆಲ್ಲ ಕಾದಂಬರಿಯ ತಿರುಳನ್ನು ಬಲಪಡಿಸುವ ಪುರಾವೆಗಳಾಗಿಯೇ ಕಾಣುತ್ತವೆ. ಮೇಕೂಂಬ್‌ನ ಅತ್ಯಂತ ನ್ಯಾಯವಂತನೂ ಒಗ್ಗಿಕೊಂಡವನೇ. ತೀರ್ಪು ಮೊದಲೇ ಗೊತ್ತಿದ್ದವನು, ಮಕ್ಕಳು ಮಾತ್ರ ಅಳುತ್ತಾರೆ ಎಂದು ಹೇಳಿ ತಾನು ಅಳದವನು. ಆಟಿಕಸ್‌ನನ್ನು ಗುರಿಯೆಂದು ಓದಿದರೆ ಕಾದಂಬರಿ ಸೋಲುತ್ತದೆ. ಒಳ್ಳೆಯ ಮನುಷ್ಯ ಎಷ್ಟರವರೆಗೆ ಹೋಗಿ ನಿಲ್ಲುತ್ತಾನೆ ಎಂಬುದರ ಅಳತೆಯೆಂದು ಓದಿದರೆ ಅದರ ಸತ್ಯ ಕಾಣುತ್ತದೆ. ತೀರ್ಪಿನ ನಂತರ ಕಪ್ಪು ಜನ ಎದ್ದು ನಿಂತು ಅವನಿಗೆ ಗೌರವ ಸಲ್ಲಿಸುತ್ತಾರೆ. ನಾವು ನೋಡಬೇಕಾದದ್ದು, ಅಷ್ಟೇ ಪ್ರಯತ್ನಕ್ಕೂ ಅವರು ಅಷ್ಟು ಕೃತಜ್ಞರಾಗಬೇಕಾದ ಸ್ಥಿತಿಯನ್ನು.

ಅತ್ಯಂತ ಗಂಭೀರವಾದ ಆಕ್ಷೇಪ ಬೇರೆಯದು. ಬೆಳೆಯುವ ಅವಕಾಶ ಈ ಪುಸ್ತಕದಲ್ಲಿ ಯಾರಿಗಿದೆ? ಟಾಮ್‌ನ ಮೂವರು ಮಕ್ಕಳೂ ತಂದೆಯನ್ನು ಕಳೆದುಕೊಂಡು ಬೆಳೆಯುತ್ತಾರೆ, ಅವರ ಬೆಳವಣಿಗೆ ಪುಟಗಳ ಆಚೆಗೆ ಉಳಿದಿದೆ. ಕೊನೆಯಲ್ಲಿ ಸ್ಕೌಟ್ ನೆರೆಮನೆಯ ಏಕಾಂಗಿ ಬೂ ರಾಡ್ಲಿಯ ಜಗಲಿಯಲ್ಲಿ ನಿಂತು ತನ್ನ ಬೀದಿಯನ್ನು ಅವನ ಕಣ್ಣಿನಿಂದ ನೋಡುತ್ತಾಳೆ. ಅದು ಅವಳ ಪ್ರೌಢತೆಯ ಗಳಿಗೆ. ಟಾಮ್‌ನ ಮನೆಯ ಜಗಲಿಯಲ್ಲಿ ಅವಳು ಒಮ್ಮೆಯೂ ನಿಲ್ಲುವುದಿಲ್ಲ. ಸುದ್ದಿ ಕೇಳಿ ಟಾಮ್‌ನ ಹೆಂಡತಿ ಹೆಲೆನ್ ಮಣ್ಣಿಗೆ ಕುಸಿದದ್ದು ಕೂಡ ಅವಳಿಗೆ ಗೊತ್ತಾಗುವುದು ಡಿಲ್‌ನ ಬಾಯಿಂದ. ಬೂ ಮಕ್ಕಳನ್ನು ಉಳಿಸಲು ಮೇಯೆಲ್ಲಾಳ ತಂದೆ ಬಾಬ್ ಯೂಯೆಲ್‌ನನ್ನು ಕೊಂದಾಗ ಶೆರಿಫ್ ಅದನ್ನು ಮುಚ್ಚಿಹಾಕುತ್ತಾನೆ. ಬಿಳಿಯನೊಬ್ಬನಿಗಾಗಿ ಬಾಗಿದ ಕಾನೂನು ಟಾಮ್‌ಗಾಗಿ ಕೂದಲೆಳೆಯಷ್ಟೂ ಬಾಗಲಿಲ್ಲ. ಈ ಆಕ್ಷೇಪಕ್ಕೆ ನಾನು ಉತ್ತರ ಕೊಡುವುದಿಲ್ಲ, ಒಪ್ಪುತ್ತೇನೆ. ಇದು ಅನ್ಯಾಯ ಮಾಡಿದ ಕಡೆಯ ಮಕ್ಕಳ ಬೆಳವಣಿಗೆಯ ಕಥೆ. ಅದರ ಮಿತಿ ಅಲ್ಲಿದೆ, ಉಪಯೋಗವೂ ಅಲ್ಲಿಯೇ ಇದೆ. ಆಚೆ ಕಡೆಯ ಮಕ್ಕಳನ್ನು ಕಾಣಲು ಮಿಲ್ಡ್ರೆಡ್ ಟೇಲರ್ 1976ರಲ್ಲಿ ಬರೆದ ‘ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ’ ಓದಬೇಕು. ಅದರಲ್ಲಿ, ಅದೇ 1930ರ ದಶಕದ ಮಿಸಿಸಿಪ್ಪಿಯಲ್ಲಿ, ಬಿಳಿಯ ಮಕ್ಕಳು ಬಳಸಿ ಎಸೆದ ಹರಕು ಪಠ್ಯಪುಸ್ತಕ ಕಪ್ಪು ಮಕ್ಕಳ ಶಾಲೆಗೆ ಬರುತ್ತದೆ. ಯಾರ ಕೈಗೆ, ಯಾವ ಸ್ಥಿತಿಯಲ್ಲಿ ಹೋಯಿತು ಎಂಬ ಪಟ್ಟಿ ರಟ್ಟಿನ ಒಳಗಿದೆ. ಕೊನೆಗೆ ತೀರಾ ಹಾಳಾದ ಮೇಲೆ ಕಪ್ಪು ಮಕ್ಕಳ ಪಾಲಿಗೆ ಎಂದು ಬರೆದಿದೆ. ಆರು ವರ್ಷದ ಹುಡುಗ ಅದನ್ನು ಓದಿ ಪುಸ್ತಕವನ್ನು ನೆಲಕ್ಕೆಸೆದು ತುಳಿಯುತ್ತಾನೆ. ಅವನಿಗೆ ಅನ್ಯಾಯ ಮೇಲಂತಸ್ತಿನಿಂದ ಕಂಡ ದೃಶ್ಯವಲ್ಲ, ಕೈಗೆ ಕೊಟ್ಟ ವಸ್ತು. ಕನ್ನಡದ ಓದುಗರಿಗೆ ಈ ಎರಡು ನೋಟಗಳ ಅಂತರ ಹೊಸದಲ್ಲ. ಅನಂತಮೂರ್ತಿಯವರ ‘ಘಟಶ್ರಾದ್ಧ’ದಲ್ಲಿ ಅಗ್ರಹಾರದ ಬಾಲಕನೊಬ್ಬ ವಿಧವೆ ಯಮುನಕ್ಕನ ಬಹಿಷ್ಕಾರವನ್ನು ಪಕ್ಕದಲ್ಲಿ ನಿಂತು ಕಾಣುತ್ತಾನೆ. ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ ಎತ್ತಿನ ಜಾಗದಲ್ಲಿ ನೊಗ ಹೊತ್ತ ಇಬ್ಬರಲ್ಲಿ ಒಬ್ಬರು ಆ ಹುಡುಗನ ಸ್ವಂತ ತಂದೆ. ಮೊದಲನೆಯವನಿಗೆ ನೋಡದೆ ಇರುವ ಆಯ್ಕೆ ಇದೆ, ಎರಡನೆಯವನಿಗೆ ಇಲ್ಲ. ಒಗ್ಗಿಕೊಳ್ಳುವ ಅಪಾಯ ಹೆಚ್ಚಿರುವುದು ಆ ಆಯ್ಕೆ ಇರುವವರಿಗೆ. ಹಾರ್ಪರ್ ಲೀ ಬರೆದದ್ದು ಅವರನ್ನು ಕುರಿತು, ಬಹಳ ಮಟ್ಟಿಗೆ ಅವರಿಗಾಗಿಯೇ.

ಹಾಗಾದರೆ ಅಳುವುದೊಂದೇ ಸಾಕೇ ಎಂದು ಕೇಳಬಹುದು. ಡಿಲ್ ಅತ್ತದ್ದರಿಂದ ಟಾಮ್ ಉಳಿಯಲಿಲ್ಲ. ಆದರೆ ಕಾದಂಬರಿಯಲ್ಲಿ ಒಂದು ಚರ್ಚೆಯಿದೆ, ಇಡೀ ಪುಸ್ತಕದಲ್ಲಿ ಅತ್ಯಂತ ಕಡಿಮೆ ನೆನಪಿನಲ್ಲಿ ಉಳಿಯುವ ಪುಟಗಳವು. ನಮ್ಮಂಥವರು, ನೆರೆಮನೆಯ ಮಿಸ್ ಮೌಡಿಯಂಥ ಒಳ್ಳೆಯವರು ಜ್ಯೂರಿಯಲ್ಲಿ ಯಾಕೆ ಕೂರುವುದಿಲ್ಲ ಎಂದು ಜೆಮ್ ಕೇಳುತ್ತಾನೆ. ಮಿಸ್ ಮೌಡಿ ಹೆಂಗಸು, ಅಲಬಾಮಾದಲ್ಲಿ ಹೆಂಗಸರಿಗೆ ಆ ಅವಕಾಶವಿಲ್ಲ ಎಂದು ಆಟಿಕಸ್ ಹೇಳುತ್ತಾನೆ. ನಿಜವಾಗಿಯೂ ಅದು 1966ರವರೆಗೆ ಇರಲಿಲ್ಲ. ಕಪ್ಪು ಜನರನ್ನು ಹೊರಗಿಟ್ಟದ್ದನ್ನು ಸುಪ್ರೀಂ ಕೋರ್ಟ್ ಖಂಡಿಸಿದ್ದು 1935ರಲ್ಲಿ, ಸ್ಕಾಟ್ಸ್‌ಬರೋ ಮೊಕದ್ದಮೆಯಲ್ಲೇ. ಇನ್ನು ಊರಿನ ಗಂಡಸರು? ಅವರಿಗೆ ಆಸಕ್ತಿಯಿಲ್ಲ, ಜೊತೆಗೆ ಭಯ. ಅಂಗಡಿಯವನಿಗೆ ಗಿರಾಕಿಯ ಮುಲಾಜು, ಯಾರಿಗೂ ಯಾರೊಂದಿಗೂ ಕೆಡಿಸಿಕೊಳ್ಳುವುದು ಬೇಡ. ನೆಪ ಹೇಳಿ ತಪ್ಪಿಸಿಕೊಳ್ಳುತ್ತಾರೆ. ಟಾಮ್‌ಗೆ ಶಿಕ್ಷೆಯಾದದ್ದು ಕೂತ ಹನ್ನೆರಡು ಮಂದಿಯಿಂದ ಎಷ್ಟೋ, ಕೂರದೆ ತಪ್ಪಿಸಿಕೊಂಡ ಮರ್ಯಾದಸ್ಥರಿಂದಲೂ ಅಷ್ಟೇ. ಆ ಹನ್ನೆರಡು ಮಂದಿಯಲ್ಲಿ ಬಹಳ ಹೊತ್ತು ಟಾಮ್‌ನನ್ನು ಬಿಡಿ ಎಂದು ಹಟ ಹಿಡಿದವನು ಒಬ್ಬನಿದ್ದ, ಅವನು ಬಡ ರೈತ ಕನಿಂಗ್‌ಹ್ಯಾಮ್‌ರ ಬಳಗದವನು. ಟಾಮ್‌ನನ್ನು ಕೊಲ್ಲಲು ಜೈಲಿಗೆ ಬಂದ ಗುಂಪಿನಲ್ಲೂ ಆ ಬಳಗದವರಿದ್ದರು. ಅಂದರೆ ಮನುಷ್ಯ ಬದಲಾಗಬಲ್ಲ, ಆದರೆ ಬದಲಾದವನು ಆ ಕುರ್ಚಿಯಲ್ಲಿ ಕೂತಿರಬೇಕು. ಇಷ್ಟು ವರ್ಷಗಳ ಓದಿನ ಕೊನೆಗೆ ನನಗೆ ಅರ್ಥವಾಗಿರುವ ಬೆಳೆಯುವಿಕೆ ಇದು. ಅಳುವನ್ನು ಬಾಲ್ಯದಲ್ಲೇ ಬಿಟ್ಟು ಬರುವವರು ಒಗ್ಗಿಹೋಗುತ್ತಾರೆ, ಅಳುವಿಗೇ ನಿಲ್ಲುವವರು ಮೇಲಂತಸ್ತಿನ ಪ್ರೇಕ್ಷಕರಾಗಿ ಉಳಿಯುತ್ತಾರೆ. ಆ ಸಂಕಟವನ್ನು ಕಳೆದುಕೊಳ್ಳದೆ ಕೆಳಗಿಳಿದು ಬಂದು, ಅಂಗಡಿ ನಷ್ಟವಾದರೂ ನೆಂಟರು ಮುನಿದರೂ ಆ ಹನ್ನೆರಡರಲ್ಲಿ ಒಂದು ಕುರ್ಚಿ ಹಿಡಿದು ಕೂತು, ತನ್ನ ಮತವನ್ನು ಬಾಯಿಬಿಟ್ಟು ಹೇಳುವವರನ್ನೇ ದೊಡ್ಡವರು ಎನ್ನಬೇಕು.